ನಾನು ಕಾಲು ತೊಳೆಯಲು ಕಲಿತದ್ದು

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಕಾಲುಜ್ಜುವ ಕಲ್ಲೊಂದಿದೆ. ಬೂದಿ ಬಣ್ಣ, ಮೈತುಂಬ ತೂತು. ದೂರದಿಂದ ನೋಡಿದರೆ ಯಾರೋ ಕಚ್ಚಿ ಬಿಟ್ಟ ಹಳೇ ಬನ್ನಿನ ಹಾಗೆ ಕಾಣುತ್ತದೆ. ಮೊನ್ನೆ ಮನೆಗೆ ಬಂದಿದ್ದ ಅಳಿಯ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, "ಮಾವ, ಇದನ್ನು ಎಸೆದು ಹೊಸದು ತರಬಾರದಾ?" ಎಂದ. ಅಡುಗೆಮನೆಯಿಂದ ನನ್ನ ಹೆಂಡತಿ ಸೆಲಿನ್, "ಮುಟ್ಟಬೇಡಪ್ಪ! ಅದರಿಂದಲೇ ನಿಮ್ಮ ಮಾವ ಪ್ರೇಷಿತರಾಗಿದ್ದು" ಎಂದು ಕೂಗಿದಳು. ಅಳಿಯ ಕಕ್ಕಾಬಿಕ್ಕಿಯಾದ. ನೀವೂ ಆಗಿರುತ್ತೀರಿ. ಹೇಳುತ್ತೇನೆ, ಕೂತುಕೊಳ್ಳಿ.

ನಾನು ಅಂತೋಣಿ. ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ದೇವರು ನನಗೆ ಮಿದುಳು ಕೊಡುವಾಗ ಸ್ವಲ್ಪ ಕೈ ಬಿಗಿಹಿಡಿದರೂ ಪಾದ ಕೊಡುವಾಗ ಧಾರಾಳವಾಗಿದ್ದ. ನನ್ನ ಅಳತೆಯ ಚಪ್ಪಲಿ ಗುಂಡ್ಲುಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ, ಮೈಸೂರಿಂದ ತರಿಸಬೇಕು. ಪಾದ ದೊಡ್ಡದಾದಷ್ಟೂ ಹಿಮ್ಮಡಿಯ ಬಿರುಕೂ ದೊಡ್ಡದು. ಬೇಸಿಗೆಯಲ್ಲಿ ಬೇಗೂರಿನ ಕೆರೆ ಬತ್ತಿದಾಗ ಅಂಗಳ ಹೇಗೆ ಬಿರಿಯುತ್ತದೋ ಹಾಗೆ.

ಬೇಗೂರು ಎಂದೆನಲ್ಲ, ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಅಪ್ಪ ಹೆದ್ದಾರಿ ಪಕ್ಕದಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದರು. ಬೀದಿಗೆಲ್ಲ ನಮ್ಮದೊಂದೇ ಕ್ರಿಶ್ಚಿಯನ್ ಮನೆ. ಭಾನುವಾರ ಬೆಳಿಗ್ಗೆ ಪೂಜೆಗೆ ಗುಂಡ್ಲುಪೇಟೆಯ ಚರ್ಚಿಗೆ ಹೊರಡುವ ಮುಂಚೆ ಅವ್ವ ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಹೆಂಚಿನ ಚೂರಿನಿಂದ ಕಾಲುಜ್ಜುತ್ತಿದ್ದಳು. ವಾರವೆಲ್ಲ ಬರಿಗಾಲಲ್ಲಿ ಅರಿಸಿನದ ಹೊಲ, ಸೂರ್ಯಕಾಂತಿ ಹೊಲ ಅಲೆದ ಕೆಂಪುಮಣ್ಣು ಅಷ್ಟು ಸುಲಭಕ್ಕೆ ಬಿಡುವುದೇ? "ದೇವರ ಮನೆಗೆ ಹೊಲ ಹೊತ್ಕೊಂಡು ಹೋಗ್ತೀಯೇನೋ" ಎಂದು ಗೊಣಗುತ್ತಾ ಉಜ್ಜುವಳು. ನನಗೋ ವಿಪರೀತ ಕಚಗುಳಿ. ಬಿದ್ದು ಬಿದ್ದು ನಗುತ್ತಿದ್ದೆ. ನಗು ಕೇಳಿ ಪಕ್ಕದ ಮನೆಯ ಶಿವಣ್ಣ ಗೋಡೆಯ ಮೇಲಿಂದ ಇಣುಕಿ, "ಏನ್ಲಾ ಅಂತೋಣಿ, ನಿಮ್ಮವ್ವ ನಿನ್ನ ಕಾಲ್ನೂ ಪಾತ್ರೆ ತರ ಬೆಳಗ್ತಾ ಅವಳಲ್ಲಾ, ಸಂತೆಲಿ ಮಾರಕ್ಕೇನ್ಲಾ?" ಎನ್ನುತ್ತಿದ್ದ.

ಅದೇ ವಯಸ್ಸಿನಲ್ಲಿ ನನಗೆ 'ದೇವರ ಕರೆ'ಯ ಚಿಂತೆ ಹತ್ತಿಕೊಂಡಿತು. ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳುವ ಟೀಚರು ದೇವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ, ಕಿವಿ ತೆರೆದಿಟ್ಟುಕೊಂಡಿರಬೇಕು ಎಂದಿದ್ದರು. ನಾನು ಅದನ್ನು ಹಾಗೇ ನಂಬಿ, ಯಾವಾಗ ಕೂಗುತ್ತಾನೋ ಎಂದು ಕಾದೆ. ಒಂದು ಮಧ್ಯಾಹ್ನ ಹೊಲದ ಬದುವಿನ ಮೇಲೆ ಮಲಗಿದ್ದಾಗ "ಅಂತೋಣೀ" ಎಂದು ದೊಡ್ಡ ದನಿ ಕೇಳಿಸಿತು. ಎದ್ದು ಮಂಡಿಯೂರಿ, "ಇಗೋ ಇಲ್ಲಿದ್ದೇನೆ ಸ್ವಾಮಿ" ಎಂದೆ. ಬೇಲಿಯಾಚೆ ಶಿವಣ್ಣನ ಅಪ್ಪ ನಿಂತಿದ್ದರು. "ಇಲ್ಲಿದ್ರೆ ಸಾಲ್ದು ಕಣ್ಲಾ, ನಿಮ್ಮ ಮೇಕೆ ನಮ್ಮ ಅಲಸಂದೆ ಮೇಯ್ತಾ ಅದ, ಬಂದು ಹಿಡ್ಕೊಂಡೋಗು" ಎಂದರು. ಆಮೇಲೆ ನಾನು ಕರೆಗೆ ಕಾಯುವುದನ್ನು ಬಿಟ್ಟೆ. ಓದಿದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ಸೀಟಿ ಊದುತ್ತಾ ಊದುತ್ತಾ ತಲೆ ನರೆಯಿತು. ಭಾನುವಾರ ತಪ್ಪದೆ ಪೂಜೆಗೆ ಹೋಗುತ್ತಿದ್ದೆ, ಹಿಂದಿನ ಬೆಂಚಿನಲ್ಲಿ ಫ್ಯಾನಿನ ಕೆಳಗೆ ಕೂತು ಗುರುಗಳ ಪ್ರಬೋಧನೆಯ ಹೊತ್ತಿಗೆ ಸಣ್ಣಗೆ ಕಣ್ಣು ಮುಚ್ಚುತ್ತಿದ್ದೆ. ಕರೆ ಎಂಬುದು ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ ಬರುವಂಥದ್ದು, ಪಿ.ಟಿ. ಮೇಷ್ಟ್ರುಗಳಿಗೆ ಪೆನ್ಷನ್ ಬರುತ್ತದೆ, ಅಷ್ಟೇ ಎಂದು ಸಮಾಧಾನವಾಗಿದ್ದೆ.

ಹೀಗಿರುವಾಗ ನಮ್ಮ ಚರ್ಚಿಗೆ ಫಾದರ್ ಜೆರಾಲ್ಡ್ ಎಂಬ ಹೊಸ ಗುರುಗಳು ಬಂದರು. ಚಿಕ್ಕ ವಯಸ್ಸು, ದೊಡ್ಡ ಉತ್ಸಾಹ. ನಮ್ಮಲ್ಲಿ ಪವಿತ್ರ ಗುರುವಾರದ ದಿನ ಒಂದು ಪದ್ಧತಿಯಿದೆ. ಯೇಸುಸ್ವಾಮಿ ಸಾಯುವ ಹಿಂದಿನ ದಿನ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ತನ್ನ ಹನ್ನೆರಡು ಜನ ಶಿಷ್ಯರ, ಅಂದರೆ ಪ್ರೇಷಿತರ, ಕಾಲು ತೊಳೆದ. ಅದರ ನೆನಪಿಗೆ ಗುರುಗಳು ಊರಿನ ಹನ್ನೆರಡು ಜನರನ್ನು ಸಾಲಾಗಿ ಕೂರಿಸಿ ಕಾಲು ತೊಳೆಯುತ್ತಾರೆ. ಆ ವರ್ಷ ಅದಕ್ಕೆ ಮುಂಚಿನ ಒಂದು ಭಾನುವಾರ ಪೂಜೆಯಲ್ಲಿ ಫಾದರ್ ನನ್ನ ಹೆಸರನ್ನೂ ಕೂಗಿದರು. ನನಗೆ ಎಚ್ಚರವಿರಲಿಲ್ಲ. ಸೆಲಿನ್ ಮೊಣಕೈಯಲ್ಲಿ ತಿವಿದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ನನ್ನ ಕಾಲಿಗೆ ಬಂದ ಮರ್ಯಾದೆ ನನಗೆ ಯಾವತ್ತೂ ಬಂದದ್ದಿಲ್ಲ. "ಈ ಹಿಮ್ಮಡಿ ಇಟ್ಕೊಂಡು ಅಲ್ಲಿ ಕೂತ್ರೆ ಫಾದರ್ ಕೈ ಕುಯ್ದುಹೋಗುತ್ತೆ" ಎಂದು ಸೆಲಿನ್ ಪೇಟೆಗೆ ಹೋಗಿ ಆ ಕಲ್ಲನ್ನು ತಂದಳು. ದಿನಾ ಬೆಳಿಗ್ಗೆ ಬಿಸಿನೀರು, ಕಲ್ಲು, ಕೊಬ್ಬರಿ ಎಣ್ಣೆ, ಅದರ ಮೇಲೆ ಕಾಲುಚೀಲ. ಏಪ್ರಿಲ್ ಬಿಸಿಲಿನಲ್ಲಿ ಕಾಲುಚೀಲ ಹಾಕಿಕೊಂಡು ಹಾಲು ತರಲು ಹೋದ ನನ್ನನ್ನು ನೋಡಿ ಅಂಗಡಿಯವನು, "ಸಾರ್, ಊಟಿಗಾ?" ಎಂದ. ಕಾಲು ತೊಳೆಸಿಕೊಳ್ಳಲು ಹೋಗುವವನು ಮೊದಲೇ ಇಷ್ಟು ತೊಳೆದುಕೊಂಡು ಹೋದರೆ ಅಲ್ಲಿ ತೊಳೆಯಲು ಏನಿರುತ್ತದೆ ಎಂದು ನಾನು ಸೆಲಿನ್‌ಳನ್ನು ಕೇಳಿದೆ. "ಅದು ದೇವರ ವಿಷಯ. ಇದು ಮರ್ಯಾದೆ ವಿಷಯ" ಎಂದಳು.

ಗುರುವಾರ ಸಂಜೆ ಬಂತು. ಹನ್ನೆರಡು ಜನವೂ ಬಿಳಿ ಪಂಚೆ, ಬಿಳಿ ಷರಟು. ನನ್ನ ಪಕ್ಕದವರು ಪಾದಕ್ಕೆ ಪೌಡರು ಹಾಕಿಕೊಂಡು ಬಂದಿದ್ದರು, ಅದರ ವಾಸನೆ ಧೂಪವನ್ನೂ ಮೀರಿಸುತ್ತಿತ್ತು. ಎಲ್ಲರೂ ಗಂಭೀರ. ಗಾನವೃಂದ ಮೆಲ್ಲಗೆ ಹಾಡುತ್ತಿತ್ತು. ಫಾದರ್ ಜೆರಾಲ್ಡ್ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಒಬ್ಬೊಬ್ಬರ ಮುಂದೆ ಮಂಡಿಯೂರಿ, ನೀರು ಹೊಯ್ದು, ಒರೆಸಿ, ಬಗ್ಗಿ ಪಾದಕ್ಕೆ ಮುತ್ತಿಡುತ್ತಾ ಬಂದರು. ನನ್ನ ಮುಂದೆ ಬಂದರು. ನೀರು ಬಿತ್ತು. ಅಲ್ಲಿಯವರೆಗೂ ಪರವಾಗಿರಲಿಲ್ಲ. ಆಮೇಲೆ ಅವರು ಅಂಗಾಲಿಗೆ ಕೈ ಹಾಕಿದರು.

ಎಷ್ಟು ತಡೆದೆ ಎಂದರೆ ಕಣ್ಣಲ್ಲಿ ನೀರು ಬಂತು. ನೋಡಿದವರು ಭಕ್ತಿ ಎಂದುಕೊಂಡಿರಬೇಕು. ಮುತ್ತಿಡಲು ಅವರು ಬಗ್ಗಿದಾಗ ಅವರ ಗಡ್ಡ ತಗುಲಿತು ನೋಡಿ, ನನ್ನ ಕಟ್ಟೆ ಒಡೆಯಿತು. ಅವರ ಕತ್ತುಪಟ್ಟಿಯಲ್ಲಿ ಸಿಕ್ಕಿಸಿದ್ದ ಮೈಕಿನಿಂದ ನನ್ನ "ಹಿಹ್ಹಿಹ್ಹೀ" ಚರ್ಚಿನ ಒಳಗೂ ಹೊರಗೂ ಕಟ್ಟಿದ್ದ ಅಷ್ಟೂ ಸ್ಪೀಕರುಗಳಲ್ಲಿ ಮೊಳಗಿತು. ಗಾನವೃಂದ ಒಂದು ಸಾಲು ನುಂಗಿತು. ಫಾದರ್ ತಲೆ ಎತ್ತಿ ನನ್ನನ್ನು ನೋಡಿದರು, ಅವರ ತುಟಿಯೂ ಅದುರುತ್ತಿತ್ತು. ಸೆಲಿನ್ ಸೆರಗನ್ನು ಮುಖಕ್ಕೆ ಎಳೆದುಕೊಂಡು, ತನಗೂ ನನಗೂ ಸಂಬಂಧವೇ ಇಲ್ಲದಂತೆ ಕೂತಿದ್ದಳು.

ಪೂಜೆ ಮುಗಿದ ಮೇಲೆ ನಾನು ಹಿಂಬಾಗಿಲಿಂದ ಜಾರಿಕೊಳ್ಳಲು ಹೋದೆ. ಅಲ್ಲಿ ಸಿಸ್ಟರ್ ಲಿಲ್ಲಿ ನಿಂತಿದ್ದರು. ಇವರು ವಯನಾಡಿನ ಕಡೆಯವರು. ನರ್ಸ್ ಓದಿ ಸನ್ಯಾಸಿನಿಯಾಗಿ, ಗುಂಡ್ಲುಪೇಟೆಯ ಹೊರಗೆ ಒಂದು ಸಣ್ಣ ಚಿಕಿತ್ಸಾಲಯ ನಡೆಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಸತ್ತು ಹುಣ್ಣಾದವರು, ಗಾಯ ಮಾಯದವರು ಅಲ್ಲಿಗೆ ಬರುತ್ತಾರೆ. ಸಿಸ್ಟರ್ ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ಅವರ ಕನ್ನಡದ ಬಸ್ಸು ಮಧ್ಯೆ ಮಧ್ಯೆ ಕೇರಳದ ಗಡಿ ದಾಟಿ ಬರುತ್ತದೆ.

"ಮಾಷೇ" ಎಂದರು, ಮೇಷ್ಟ್ರೇ ಎನ್ನುವುದು ಅವರ ಬಾಯಲ್ಲಿ ಹಾಗೆ, "ಕಾಲು ತೊಳೆಸ್ಕೊಂಡಾಯ್ತಲ್ಲ. ಇನ್ನು ತೊಳೆಯೋದು ಯಾವಾಗ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ನನಗೆ ಕ್ಲಿನಿಕ್ಕಿನಲ್ಲಿ ಕೈ ಸಾಕಾಗೋದಿಲ್ಲ. ಹನ್ನೆರಡು ಜನ ಕೂತಿದ್ರಲ್ಲ, ಯಾರಾದ್ರೂ ಒಬ್ಬರು ಬರ್ತಾರಾ ಅಂತ ನೋಡ್ತಾ ಇದ್ದೆ. ಪ್ರಭು ತೊಳೆದು ಸುಮ್ಮನಾಗಲಿಲ್ಲ ಮಾಷೇ, ನೀವೂ ಹೀಗೇ ಮಾಡಿ ಅಂತ ಹೇಳಿದ, ಕೇಟ್ಟೋ, ಕೇಳಿಸ್ತಾ?"

"ಹಬ್ಬ ಕಳೀಲಿ ಸಿಸ್ಟರ್" ಎಂದೆ. ನಮ್ಮ ಜನ ಬೇಡ ಎನ್ನಲು ಬಳಸುವ ಮಾತುಗಳಲ್ಲಿ ಇದು ಬಹಳ ವಿನಯದ್ದು.

ಈಸ್ಟರ್ ಹಬ್ಬ ಕಳೆಯಿತು. ಸಿಸ್ಟರ್ ಫೋನು ಮಾಡಿದರು. ಮಂಡಿನೋವು ಎಂದೆ. ಮುಂದಿನ ವಾರ ಮಾಡಿದರು. ಚಾಮರಾಜನಗರದಲ್ಲಿ ನೆಂಟರ ಮದುವೆ ಎಂದೆ. ಅದು ನಿಜವೇ ಆಗಿತ್ತು, ಆದರೆ ಮದುವೆ ಬೆಳಿಗ್ಗೆಯೇ ಮುಗಿದಿತ್ತು. ಮೂರನೆಯ ಸಲ ಫೋನು ಬಂದಾಗ ನಾನು ಕೈಸನ್ನೆ ಮಾಡುತ್ತಿದ್ದರೂ ಲೆಕ್ಕಿಸದೆ ಸೆಲಿನ್ ಎತ್ತಿಕೊಂಡಳು. "ಇಲ್ಲೇ ಇದಾರೆ ಸಿಸ್ಟರ್. ಪೇಪರು ಎರಡನೇ ಸಲ ಓದ್ತಾ ಇದಾರೆ. ಈಗಲೇ ಕಳಿಸ್ತೀನಿ" ಎಂದಳು. ದೇವರು ಹೆಸರು ಹಿಡಿದು ಕರೆಯುತ್ತಾನೋ ಇಲ್ಲವೋ, ಹೆಂಡತಿ ಹೆಸರು ಹಿಡಿದು ಕಳಿಸುತ್ತಾಳೆ.

ಚಿಕಿತ್ಸಾಲಯವೆಂದರೆ ಹೆಂಚಿನ ಎರಡು ಕೋಣೆ, ಮುಂದೆ ಒಂದು ಹೊಂಗೆ ಮರ. ಮರದ ಕೆಳಗೆ ಬೆಂಚಿನ ಮೇಲೆ ಕಾಯಿಲೆಯವರು. ಸಿಸ್ಟರ್ ನನಗೊಂದು ಏಪ್ರನ್ನು, ರಬ್ಬರಿನ ಕೈಗವಸು, ಪ್ಲಾಸ್ಟಿಕ್ ಬೋಗುಣಿ ಕೊಟ್ಟು, ಒಬ್ಬ ಹಿರಿಯರ ಮುಂದೆ ಕೂರಿಸಿದರು. ಅವರು ನಂಜಯ್ಯ. ಉಮ್ಮತ್ತೂರಿನ ರೈತರು, ಸಕ್ಕರೆ ಕಾಯಿಲೆಯವರು. ವಾಸಿಯಾಗುವ ತನಕ ಎಂದು ಬೇಗೂರಿನ ಮಗಳು ರತ್ನಳ ಮನೆಗೆ ಬಂದಿದ್ದರು. ಮಗಳೇ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು. ಕೆಂಪು ಅಂಚಿನ ಟವೆಲ್ಲು, ಹಣೆಯಲ್ಲಿ ವಿಭೂತಿ, ಬಲಗಾಲಿಗೆ ಬಟ್ಟೆಯ ದೊಡ್ಡ ಗಂಟು. ಗಾಯ ಹೀಗೇ ಇದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ.

ನಾನು ಕಾಲಿಗೆ ಕೈ ಚಾಚಿದ ಕೂಡಲೇ ನಂಜಯ್ಯ ಸರಕ್ಕನೆ ಕಾಲೆಳೆದುಕೊಂಡರು.

"ಅಯ್ಯೋ ಬುಡಿ ಸಾಮಿ, ನೀವ್ಯಾರು?"

"ನಾನು ಅಂತೋಣಿ. ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ."

"ಮೇಷ್ಟ್ರಾ! ಕೆಟ್ಟೋಯ್ತು ಬುಡಿ. ಮೇಷ್ಟ್ರ ಕೈಲಿ ಕಾಲ್ ಮುಟ್ಟಿಸ್ಕಂಡ್ರೆ ಪಾಪ ಸುತ್ಕತ್ತದ. ನೀವು ಅಂಗೇ ಕುಂತ್ಕಳಿ, ಅಮ್ಮಾವ್ರು ಬರ್ಲಿ."

"ಪಾಠದ ಮೇಷ್ಟ್ರಲ್ಲ ಯಜಮಾನ್ರೇ, ಪಿ.ಟಿ. ಮೇಷ್ಟ್ರು" ಎಂದೆ. ಅದರಿಂದ ಪಾಪ ಅರ್ಧವಾದರೂ ಕಡಿಮೆಯಾದೀತು ಎಂದು. ಅವರು ಯೋಚಿಸಿದರು. ರತ್ನ, "ತೋರ್ಸಪ್ಪ, ಬಸ್ಸಿಗೆ ಹೊತ್ತಾಯ್ತದ" ಎಂದು ಗದರಿದಳು. ಕಾಲು ಮುಂದೆ ಬಂತು. ನಾನು ಬಟ್ಟೆ ಬಿಚ್ಚಿದೆ. ಒಂದು ಸುತ್ತು, ಇನ್ನೊಂದು ಸುತ್ತು. ಕೊನೆಯ ಸುತ್ತಿನಲ್ಲಿ ವಾಸನೆ ಬಂತು. ಆಮೇಲೆ ಗಾಯ ಕಂಡಿತು. ಆಮೇಲೆ ಹೊಂಗೆ ಮರ ಓರೆಯಾಯಿತು.

ಕಣ್ಣು ಬಿಟ್ಟಾಗ ನನ್ನ ತಲೆಯ ಕೆಳಗೆ ಕೆಂಪು ಅಂಚಿನ ಟವೆಲ್ಲಿತ್ತು. ನಂಜಯ್ಯ ಒಂದೇ ಕಾಲೂರಿ ಬೆಂಚಿನ ಮೇಲಿಂದ ಬಗ್ಗಿ ನನಗೆ ಪೇಪರಿನಿಂದ ಗಾಳಿ ಬೀಸುತ್ತಿದ್ದರು. ಅಕ್ಕಪಕ್ಕದ ಕಾಯಿಲೆಯವರೆಲ್ಲ ಸುತ್ತ ನಿಂತು, ಯಾವ ಗಿಡದ ಸೊಪ್ಪು ಮೂಸಿಸಬೇಕು ಎಂದು ಚರ್ಚೆ ನಡೆಸುತ್ತಿದ್ದರು. "ಎದ್ರು, ಎದ್ರು" ಎಂದರು ನಂಜಯ್ಯ ಸಂತೋಷದಿಂದ. "ಎದುರ್ಕಬ್ಯಾಡಿ ಮೇಷ್ಟ್ರೇ, ಗಾಯ ನಂಗೆ ತಾನೆ. ಬೆಳಗ್ಗೆ ಏನಾರ ತಿಂದಿದ್ರಾ?" ರತ್ನ ಓಡಿಹೋಗಿ ಗೋಲಿ ಸೋಡಾ ತಂದಳು. ಸೇವೆ ಮಾಡಲು ಹೋದವನು ಹೀಗೆ ಎಲ್ಲರಿಂದ ಭರ್ತಿ ಸೇವೆ ಮಾಡಿಸಿಕೊಂಡು ಮನೆಗೆ ಬಂದೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಸೆಲಿನ್‌ಗೆ ಹೇಳಿದೆ. ಅವಳು, "ಆಯ್ತು ಬಿಡಿ" ಎಂದಳು. ವಾದ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ.

ನಾಲ್ಕು ದಿನ ಬಿಟ್ಟು ಸಿಸ್ಟರ್ ಲಿಲ್ಲಿ ಒಂದು ಕುಂಬಳಕಾಯಿ ತಂದು ನಮ್ಮ ಜಗಲಿಯ ಮೇಲಿಟ್ಟರು. "ನಂಜಯ್ಯ ಕೊಟ್ಟಿದ್ದು. ಬಿದ್ದುಹೋದ ಮೇಷ್ಟ್ರು ಹೇಗಿದಾರೆ, ರಕ್ತ ಕಮ್ಮಿ ಇರಬೇಕು, ಪಲ್ಯ ಮಾಡ್ಕೊಂಡು ತಿನ್ನಲಿ ಅಂದ್ರು. ಮಾಷೆ ಬರೋ ತನಕ ಬೇರೆಯವರ ಕೈಲಿ ತೊಳೆಸ್ಕೊಳ್ಳಲ್ಲ ಅಂತ ಹಟ ಮಾಡ್ತಾರೆ. 'ಪಾಪ, ಅವರಿಗೆ ಬೇಜಾರಾಯ್ತದ' ಅಂತ" ಎಂದು ಹೇಳಿ, ಚಹಾನೂ ಕುಡಿಯದೆ ಹೋದರು.

ಕುಂಬಳಕಾಯಿ ತಿಂದವನು ಹೋಗದೆ ಇರುವುದು ಹೇಗೆ? ಹೋದೆ. ಎರಡನೇ ದಿನ ಮುಖ ಆ ಕಡೆ ತಿರುಗಿಸಿಕೊಂಡು ತೊಳೆದೆ. ಮೂರನೇ ದಿನ ಮೂಗಿಗೆ ವಿಕ್ಸ್ ಬಳಿದುಕೊಂಡು ಹೋದೆ. ಆಮೇಲೆ ಯಾವಾಗ ಮುಖ ತಿರುಗಿಸುವುದು ನಿಂತಿತೋ ನನಗೇ ತಿಳಿಯದು. ನಂಜಯ್ಯ ಮಾತುಗಾರ. ಗಾಯಕ್ಕೆ ನೀರು ಬೀಳುತ್ತಿದ್ದರೆ ಅವರು ಬೆಟ್ಟದ ಕತೆ ಹೇಳುವರು. ಪ್ರತಿ ದೀಪಾವಳಿಗೂ ಉಮ್ಮತ್ತೂರಿಂದ ಮಾದಪ್ಪನ ಬೆಟ್ಟಕ್ಕೆ ಗುಂಪು ಕಟ್ಟಿಕೊಂಡು ಬರಿಗಾಲಲ್ಲಿ ನಡೆದು ಹೋಗುವುದು ಅವರ ಹರಕೆ. ದಾರಿಯಲ್ಲಿ ಎಲ್ಲಿ ಅಂಬಲಿ ಸಿಗುತ್ತದೆ, ಎಲ್ಲಿ ಆನೆ ಅಡ್ಡ ಬಂದಿತ್ತು, ಕಾಡಿನ ಏರಿನಲ್ಲಿ ಯಾರು ಅತ್ತರು ಎಲ್ಲ ವರ್ಣಿಸುವರು. "ನಿಮ್ಮ ಯೇಸಪ್ಪನೂ ಬೆಟ್ಟ ಅತ್ತಿದ್ನಂತಲ್ಲ?" ಎಂದು ಕೇಳುವರು. "ಹತ್ತಿದ್ದ" ಎನ್ನುವೆ. "ಬರಿಗಾಲಲ್ಲೇ ತಾನೆ?" "ಒಂದು ಬೆಟ್ಟ, ಶಿಲುಬೆ ಹೊತ್ಕೊಂಡು, ಬರಿಗಾಲಲ್ಲೇ." "ನೋಡಿ ಮತ್ತೆ!" ಎನ್ನುವರು ಗೆದ್ದವರಂತೆ. ಮಳೆಗಾಲ ಕಳೆಯುವ ಹೊತ್ತಿಗೆ ಗಾಯ ಅಂಗೈಯಗಲದಿಂದ ಹುಣಸೆಬೀಜದಷ್ಟಕ್ಕೆ ಬಂದಿತ್ತು. ಸಿಸ್ಟರ್ ಅವರಿಗೆಂದೇ ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿಕೊಟ್ಟು, ಬರಿಗಾಲು ನೆಲಕ್ಕೆ ಸೋಕಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ರತ್ನಳ ಫೋನು ಬಂತು. "ಮೇಷ್ಟ್ರೇ, ನಮ್ಮಪ್ಪ ಒಲ ನೋಡ್ಕಂಡ್ ಬತ್ತೀನಿ ಅಂತ ಉಮ್ಮತ್ತೂರಿಗೆ ಒಂಟೋಗದ. ಚಪ್ಪಲಿ ಇಲ್ಲೇ ಬುಟ್ಟೋಗದ. ನಾಳೆ ಬೆಟ್ಟಕ್ಕೆ ಗುಂಪು ಒರಡ್ತದ."

ಸಿಸ್ಟರಿಗೆ ಹೇಳಿದೆ. ಮರದ ಕೆಳಗೆ ಬೆಂಚು ತುಂಬಿತ್ತು, ಅವರು ಅಲ್ಲಾಡುವಂತಿರಲಿಲ್ಲ. ಒಂದು ಚೀಲದಲ್ಲಿ ಹತ್ತಿ, ಬ್ಯಾಂಡೇಜು, ಔಷಧಿ ತುಂಬಿ ನನ್ನ ಕೈಗಿಟ್ಟರು. "ನೀವು ಹೋಗಿ ಮಾಷೇ. ಆ ಕಾಲಲ್ಲಿ ಬೆಟ್ಟ ಹತ್ತಿದ್ರೆ ಕಾಲು ಉಳಿಯೋದಿಲ್ಲ."

"ನನ್ನ ಮಾತು ಕೇಳ್ತಾರಾ ಸಿಸ್ಟರ್?"

"ಗೊತ್ತಿಲ್ಲ. ಹೋಗಿ."

ಬೇಗೂರಿಗೆ ಹೋಗಿ ಚಪ್ಪಲಿ ಇಸಿದುಕೊಂಡು ಬಂದು ಚಾಮರಾಜನಗರದ ಬಸ್ಸು ಹತ್ತಿದೆ. ಅಲ್ಲಿಂದ ಉಮ್ಮತ್ತೂರಿಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿದೆ. ವೈಜ್ಞಾನಿಕವಾಗಿ ಒಂದು, ಭಾವನಾತ್ಮಕವಾಗಿ ಒಂದು, ಎರಡೂ ಫಲಿಸದಿದ್ದರೆ ಪಿ.ಟಿ. ಮೇಷ್ಟ್ರ ದನಿಯಲ್ಲಿ ಒಂದು. ನಂಜಯ್ಯನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ತುಂಬ ಮಾರನೆಯ ದಿನ ಹೊರಡುವವರ ಗಂಟುಮೂಟೆ. ಮಧ್ಯೆ ನಂಜಯ್ಯ ಹಳದಿ ಪಂಚೆಯುಟ್ಟು, ಮದುವೆ ಗಂಡಿನಂತೆ ಕೂತಿದ್ದರು.

"ಓಹೋ! ಮೇಷ್ಟ್ರು ಬಂದವ್ರೆ! ಕೆಂಪಮ್ಮಿ, ಕಾಪಿ ಕಾಸವ್ವ" ಎಂದು ಒಳಗಿದ್ದ ಸೊಸೆಯನ್ನು ಕೂಗಿದರು. ಆಮೇಲೆ ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ ಮುಖ ಬಿಗಿಮಾಡಿಕೊಂಡರು. "ಅದೊಂದ ಬುಟ್ಟು ಬ್ಯಾರೆ ಮಾತಾಡನ. ಕೆರ ಮೆಟ್ಕಂಡು ಮಾದಪ್ಪನ ತಾವ ಓಗನಾ? ನೀವೇ ಯೋಳಿ."

ನನ್ನ ಭಾಷಣಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಯಜಮಾನ್ರೇ, ಕಾಲು ಹೋಗುತ್ತೆ" ಎಂದೆ.

"ಓದ್ರೆ ಅವನ ದಾರಿಲೇ ಓಗ್ಲಿ. ನೋಡಿ ಮೇಷ್ಟ್ರೇ, ಯೇಸಪ್ಪ ಯೋಳ್ದ ಅಂತ ನೀವು ಕಾಲ್ ತೊಳೀತೀರಿ. ನಾನೇನಾರ ಬ್ಯಾಡ ಅಂದ್ನಾ? ಮಾದಪ್ಪ ಕರದ ಅಂತ ನಾನು ನಡೀತೀನಿ. ನೀವು ಬ್ಯಾಡ ಅನ್ಬೌದಾ?"

ಕರೆ ಬಂದವನನ್ನು ತಡೆಯಲು ನಾನು ಯಾರು? ಆದರೆ ಚೀಲ ಕೈಯಲ್ಲಿತ್ತು. "ಆಯ್ತು. ಹೊರಡೋ ಮುಂಚೆ ಬಟ್ಟೆಯನ್ನಾದರೂ ಬದಲಾಯಿಸ್ತೀನಿ. ಬಿಸಿನೀರು ಕೊಡಿಸಿ" ಎಂದೆ.

ಕೆಂಪಮ್ಮ ಹಿತ್ತಾಳೆ ಬೇಸಿನ್ನಿನಲ್ಲಿ ನೀರು ತಂದಿಟ್ಟಳು. ನಾನು ಜಗಲಿಯ ಕೆಳಗೆ ಬೀದಿಯ ನೆಲದ ಮೇಲೆ ಕೂತೆ. ನಾಳೆ ಹೊರಡುವವರು, ಅವರನ್ನು ನೋಡಲು ಬಂದವರು ಎಲ್ಲ ಸುತ್ತ ನಿಂತರು. ಯಾರೋ, "ಇವರ್ಯಾರು, ಕಾಲ್ ತೊಳಿಯಕ್ಕೆ ಗುಂಡ್ಲುಪೇಟೆಯಿಂದ ಬಂದವ್ರಾ?" ಎಂದು ಪಿಸುಗುಟ್ಟಿದರು. ಬಟ್ಟೆ ಬಿಚ್ಚಿದೆ. ಹಳೆಯ ಗಾಯ ಒಣಗಿ ಚೆನ್ನಾಗಿಯೇ ಇತ್ತು. ಆದರೆ ಅದರ ಪಕ್ಕದಲ್ಲಿ, ಕಿರುಬೆರಳಿನ ಬುಡದಲ್ಲಿ ಏನೋ ಕಪ್ಪಗೆ ಕಂಡಿತು. ನೀರು ಹೊಯ್ದು ಒರೆಸಿ ನೋಡಿದೆ. ಜಾಲಿ ಮುಳ್ಳು. ಬುಡ ಮುರಿದು ಒಳಗೇ ಉಳಿದಿತ್ತು. ಬಸ್ಸಿಳಿದು ಬರಿಗಾಲಲ್ಲಿ ಮನೆಗೆ ಬರುವಾಗ ಹೊಕ್ಕಿರಬೇಕು. ಇಕ್ಕಳದಿಂದ ಹಿಡಿದು ಎಳೆದೆ. ಬೆರಳುದ್ದದ ಮುಳ್ಳು ಬಂತು, ಹಿಂದೆಯೇ ರಕ್ತ ಬಂತು.

ನಂಜಯ್ಯ ಪಕ್ಕದವರೊಡನೆ ಮಾತಾಡುತ್ತಲೇ ಇದ್ದರು. ಸುತ್ತ ನಿಂತವರೆಲ್ಲ ತಮ್ಮ ಕಾಲನ್ನೇ ನೋಡುತ್ತಿದ್ದುದು ಕಂಡು ಬಗ್ಗಿ ನೋಡಿದರು. ನಾನು ಮುಳ್ಳನ್ನು ಅವರ ಅಂಗೈಯಲ್ಲಿಟ್ಟೆ.

"ಇದು ನನ್ ಕಾಲಲ್ಲಿ ಇತ್ತಾ?"

"ಇತ್ತು."

"ಈಗ ಕಿತ್ರಾ?"

"ಈಗ ಕಿತ್ತೆ."

ಅವರು ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ದಾರಿಲಿ ಮುಳ್ಳು ಚುಚ್ತು ಅಂದ್ರೆ 'ಮಾದಪ್ಪಾ' ಅಂತ ಕೂಗ್ತಿದ್ದೆ ಮೇಷ್ಟ್ರೇ" ಎಂದರು ಕೊನೆಗೆ, ನಿಧಾನವಾಗಿ. "ಅಂಗ್ ಕೂಗ್ಕಂಡೇ ಬೆಟ್ಟ ಅತ್ತದು. ಈಗ ಚುಚ್ಚಿದ್ದೇ ಗೊತ್ತಾಗ್ನಿಲ್ವಲ್ಲ. ಏನಂತ ಕೂಗ್ಲಿ? ಕಾಲು ಇಲ್ದೋನು ನಡದಂಗೇ ಆಯ್ತಲ್ಲ ಇದು." ಅವರ ಕಣ್ಣು ತುಂಬಿತು. ನಾನು ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಲು ಬಿಡಬೇಕು ಎಂದು ಅನಿಸಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಕೆಂಪಮ್ಮ, "ಮಾವ, ನಿಮ್ಮ ಬದ್ಲು ನಾನು ನಡೀತೀನಿ" ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ನೀನಾ?" ಎಂದ ಅವಳ ಗಂಡ.

"ಊಂ, ನಾನೇ. ಮದುವೆಯಾಗಿ ಬಂದಾಗಿಂದ ಕೇಳ್ತಾ ಅವ್ನಿ. ವರ್ಷ ವರ್ಷನೂ ಬುತ್ತಿ ಕಟ್ಟೋದು ನಾನು, ಬೆಟ್ಟ ನೋಡೋದು ನೀವು."

"ಮನೇಲಿ ಅಡುಗೆ?"

"ನೀವು ಮಾಡಿ. ಅಕ್ಕಿ ಎಲ್ಲದ ಅಂತ ತೋರುಸ್ಬುಟ್ಟು ಓಯ್ತೀನಿ."

ಗುಂಪಿನ ಹೆಂಗಸರು ಹೋ ಎಂದು ನಕ್ಕರು. ಮುದುಕಿಯೊಬ್ಬಳು, "ಬಾ ಕಣಮ್ಮಿ, ಓಗನ" ಎಂದು ಆಗಲೇ ಅವಳ ಕೈ ಹಿಡಿದುಕೊಂಡಳು. ನಂಜಯ್ಯ ಕಣ್ಣೊರೆಸಿಕೊಳ್ಳುತ್ತಲೇ ನಗತೊಡಗಿದರು. ತಮ್ಮ ಹಳದಿ ಗಂಟನ್ನು ಎತ್ತಿ ಸೊಸೆಯ ತಲೆಯ ಮೇಲಿಟ್ಟರು. "ಕಾಡಿನ ಏರಲ್ಲಿ ಅಳು ಬತ್ತದ. ಅತ್ಬುಡು, ತಡೀಬ್ಯಾಡ" ಎಂದರು. ಆಮೇಲೆ ನನ್ನ ಕಡೆ ಪಾದ ಚಾಚಿ, "ಆಕಿ ಮೇಷ್ಟ್ರೇ ನಿಮ್ಮ ಕೆರವ" ಎಂದರು.

ಮಾರನೆಯ ದಿನ ಗುಂಪು ಬೆಟ್ಟದ ಕಡೆ ಹೊರಟಿತು. ನಾನೂ ನಂಜಯ್ಯನೂ ಆ ಸಂಜೆಯೇ ಬಸ್ಸಿನಲ್ಲಿ ಗುಂಡ್ಲುಪೇಟೆಯ ಕಡೆ ಹೊರಟಿದ್ದೆವು. ತೆರಕಣಾಂಬಿ ದಾಟಿದ ಮೇಲೆ ನನಗೆ ಥಟ್ಟನೆ ಹೊಳೆಯಿತು: ಅಷ್ಟು ರಕ್ತ ನೋಡಿದೆನಲ್ಲ, ತಲೆ ತಿರುಗಲೇ ಇಲ್ಲ! ಹೇಳಿಕೊಳ್ಳೋಣವೆಂದರೆ ನಂಜಯ್ಯ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಮುಳ್ಳು ತನ್ನ ಕೆಲಸ ಮಾಡಿಯೇ ಹೋಗಿತ್ತು. ಕೀವಾಗಿ ಕಿರುಬೆರಳನ್ನು ತೆಗೆಯಬೇಕಾಯಿತು. ಪಾದ ಉಳಿಯಿತು. "ಒಂದ್ ಬೆರಳ ಮಾದಪ್ಪಂಗೆ ಮುಡಿಪು ಕೊಟ್ಟೆ" ಎಂದು ನಂಜಯ್ಯ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಕೆಂಪಮ್ಮ ಬೆಟ್ಟದಿಂದ ಬಂದವಳು ಮುಂದಿನ ವರ್ಷವೂ ತಾನೇ ಹೋಗುವುದೆಂದು ಸಾರಿಬಿಟ್ಟಳಂತೆ. ಅವಳ ಗಂಡ ಈಗ ಸಾರು ಚೆನ್ನಾಗಿ ಮಾಡುತ್ತಾನೆಂದು ವರದಿ.

ಗಾಯ ಪೂರ್ತಿ ಮಾಯಿತು. ಆದರೂ ನಂಜಯ್ಯ ಬೇಗೂರಿಗೆ ಮಗಳ ಮನೆಗೆ ಬಂದಾಗಲೆಲ್ಲ ಚಿಕಿತ್ಸಾಲಯಕ್ಕೆ ಬಂದು, ಹೊಂಗೆ ಮರದ ಕೆಳಗೆ ಕೂತು, ಹೊಸಬರಿಗೆ ಧೈರ್ಯ ಹೇಳುತ್ತಾರೆ. ಕೂತಲ್ಲೇ ಹರಟೆ ಹೊಡೆಯುತ್ತಾರೆ ಎಂಬುದು ಹೆಚ್ಚು ಸರಿ. ಹೋದ ಶನಿವಾರವೂ ಬಂದಿದ್ದರು. ಅವತ್ತು ನಮ್ಮ ತಾಲ್ಲೂಕಿನದೇ ಮದ್ದೂರಿನ ಕಾಡಂಚಿನಿಂದ ಒಬ್ಬ ಹೆಂಗಸು ಬಂದಿದ್ದಳು. ನಡುವಯಸ್ಸು, ಒಬ್ಬಳೇ ಬಂದಿದ್ದಳು, ಮುಖದ ತುಂಬ ದಿಗಿಲು. ನಾನು ಬೋಗುಣಿ ಹಿಡಿದು ಅವಳ ಮುಂದೆ ಕೂತ ಕೂಡಲೇ ಸೀರೆಯನ್ನು ಪಾದದ ಮೇಲೆ ಎಳೆದುಕೊಂಡಳು.

"ನೀವು ಡಾಕ್ಟ್ರಾ?"

"ಅಲ್ಲಮ್ಮ."

"ಕಾಂಪೌಂಡ್ರಾ?"

"ಅಲ್ಲ."

"ಮತ್ತ ಯಾರು ನೀವು? ನನ್ ಕಾಲ್ ಯಾಕೆ ಮುಟ್ಟೀರಿ?"

ನ್ಯಾಯವಾದ ಪ್ರಶ್ನೆ. ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ ಎಂದರೆ ಎದ್ದು ಓಡಿಹೋಗುತ್ತಾಳೆ. ಸೇವೆ ಮಾಡುವವನು ಎನ್ನಲು ನಾಚಿಕೆ, ಶಿಷ್ಯ ಎನ್ನಲು ಅದಕ್ಕಿಂತ ನಾಚಿಕೆ. ಏನು ಹೇಳಲಿ ಎಂದು ತಡವರಿಸುತ್ತಿದ್ದೆ. ಬೆಂಚಿನ ಆ ತುದಿಯಿಂದ ನಂಜಯ್ಯ ಕಾಲು ಅಲ್ಲಾಡಿಸುತ್ತಾ ಹೇಳಿದರು:

"ಎದುರ್ಕಬ್ಯಾಡ ಕಣವ್ವ. ಅವರು ಯೇಸಪ್ಪನ ಕಡೆಯೋರು."

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಅಂಗಾರ ಸರಿ" ಎಂದು ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಪಾದವನ್ನು ನೀರಿಗಿಟ್ಟಳು.